ದೇವರೂ ಬೈಗುಳ ಕೇಳುವ ಊರಿನಲ್ಲಿ

ಹುಣಸೂರನ್ನು ಬಿಟ್ಟು ಗೋಣಿಕೊಪ್ಪಲಿನ ಕಡೆಗೆ ಹೊರಟ ಪ್ರಯಾಣಿಕನಿಗೆ ಮೊದಲು ಕಾಣುವುದು ಹೊಗೆಸೊಪ್ಪಿನ ಹೊಲಗಳು. ಆ ಬಳಿಕ ನಾಗರಹೊಳೆಯ ಕಾಡು ರಸ್ತೆಯ ಎರಡು ಮಗ್ಗುಲಿಗೂ ಬಂದು ನಿಲ್ಲುತ್ತದೆ. ಆನೆಚೌಕೂರನ್ನು ದಾಟಿ, ಮತ್ತಿಗೋಡಿನ ಆನೆ ಶಿಬಿರವನ್ನು ಹಿಂದೆ ಬಿಟ್ಟು ಇನ್ನಷ್ಟು ದೂರ ಸಾಗುವಷ್ಟರಲ್ಲಿ ಕಾಡು ಮೆಲ್ಲಗೆ ವಿರಳವಾಗಿ, ಮರಗಳ ನೆರಳಿನಲ್ಲಿ ಕಾಫಿಯ ಗಿಡಗಳು ಕಾಣಿಸಿಕೊಳ್ಳುತ್ತವೆ. ಅದೇ ತಿತಿಮತಿ. ಕಾಡು ಮುಗಿದು ತೋಟ ಮೊದಲಾಗುವ ಎಡೆ. ಈ ಪುಟ್ಟ ಊರಿನ ಪೇಟೆಬೀದಿಯಲ್ಲಿ ಕಾಲು ಗಂಟೆ ನಿಂತರೆ ಕೊಡವರ ನುಡಿ, ಕನ್ನಡ, ಮಲೆಯಾಳ, ಎರವರ ಮಾತು, ಕುರುಬರ ಮಾತು ಎಲ್ಲವೂ ಕಿವಿಗೆ ಬೀಳುತ್ತವೆ.

ಇಲ್ಲಿ ವರ್ಷ ಮುಗಿಯುವುದು ಯಾವಾಗ ಎಂದು ಯಾರನ್ನಾದರೂ ಕೇಳಿ ನೋಡಿ. ಒಂದೇ ಉತ್ತರ ದೊರೆಯಲಾರದು. ಶಾಲೆಯ ಹುಡುಗನಿಗೆ ಡಿಸೆಂಬರ್ 31. ಬ್ಯಾಂಕಿನ ಗುಮಾಸ್ತರಿಗೆ ಮಾರ್ಚಿ 31. ಕಾಫಿಯ ಲೆಕ್ಕ ಬರೆಯುವವರಿಗೆ ಅಕ್ಟೋಬರಿನಿಂದ ಸೆಪ್ಟೆಂಬರಿನವರೆಗೆ ಒಂದು ವರ್ಷ. ಹಳೆಯ ಕೊಡವ ಮನೆಗಳಲ್ಲಿ ಸೌರಮಾನದ ಎಡಮ್ಯಾರ್ ತಿಂಗಳ ಮೊದಲನೆಯ ದಿನ, ಅಂದರೆ ಏಪ್ರಿಲ್ 14ರ ಸುಮಾರಿಗೆ, ಹೊಸ ವರ್ಷ ಹುಟ್ಟುತ್ತದೆ. ಆದರೆ ಮಣ್ಣನ್ನು ನಂಬಿದವನ ವರ್ಷಕ್ಕೆ ಫಲ ಬರುವುದು ಹುತ್ತರಿಯ ಬೆಳುದಿಂಗಳಿನಲ್ಲಿ, ಮೊದಲ ಕದಿರು ಮನೆಗೆ ಬಂದಾಗ.

ಹೀಗೆ ಹಲವು ವರ್ಷಾಂತ್ಯಗಳಿರುವ ಊರಿನಲ್ಲಿ, ದೇವರಲ್ಲಿ ನಂಬಿಕೆಯಿಟ್ಟು ಹತ್ತು ಜನಕ್ಕೆ ಹಿರಿಯನೆನಿಸಿಕೊಂಡವನು ತನ್ನ ವರ್ಷವನ್ನು ಹೇಗೆ ಮುಗಿಸಬೇಕು? ಪೂಜೆ ಮಾಡಿಸಿ, ಪ್ರಸಾದ ಹಂಚಿ, ಹೊಸ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿದರೆ ಮುಗಿಯಿತೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ತಿತಿಮತಿಯ ಸಮೀಪದ ಹಿರಿಯರೊಬ್ಬರ ಮನೆಯಲ್ಲಿ, ಒಂದು ಹಳೆಯ ಲೆಕ್ಕದ ಪುಸ್ತಕದ ಕೊನೆಯ ಪುಟಗಳಿಂದ ಬಂತು.

ಹಿರಿತನವೆಂಬ ಹೊರೆ

ಕೊಡಗಿನಲ್ಲಿ ಹಿರಿತನವೆಂಬುದು ಬರಿಯ ವಯಸ್ಸಿನ ಮಾತಲ್ಲ. ಒಬ್ಬ ಮೂಲಪುರುಷನಿಂದ ಇಳಿದುಬಂದ ಕುಟುಂಬಗಳ ಕೂಟಕ್ಕೆ ಒಕ್ಕ ಎಂದು ಹೆಸರು. ಒಕ್ಕಕ್ಕೆ ಒಂದು ಐನ್‌ಮನೆ; ಆ ಮನೆಯ ನಡುವಣ ಅಂಕಣದಲ್ಲಿ, ನೆಲ್ಲಕ್ಕಿ ನಡುಬಾಡೆಯಲ್ಲಿ, ದಿನವೂ ಉರಿಯುವ ಒಂದು ದೀಪ. ಒಕ್ಕದ ಹಿರಿಯನಿಗೆ ಕೊರವುಕಾರನೆಂದು ಹೆಸರು. ಸರಕಾರದ ಕಂದಾಯದ ಕಾಗದಗಳಲ್ಲಿ ಅವನೇ ಪಟ್ಟೆದಾರನಾದ. ಕಾರಣವರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಎಡೆಯಿಡುವಾಗ ಅವನೇ ಮುಂದೆ ನಿಲ್ಲಬೇಕು. ಮದುವೆಗೂ ಮನೆಯ ದೀಪಕ್ಕೂ ಪುರೋಹಿತರನ್ನು ಕಾಯದ ಸಮಾಜವಿದು. ಮನೆಯ ಹಿರಿಯನೇ ಒಂದು ಬಗೆಯ ಪೂಜಾರಿ.

ಮನೆಗೆ ಕೊರವುಕಾರನಿದ್ದಂತೆ ಊರಿಗೂ ನಾಡಿಗೂ ದೇವಾಲಯಕ್ಕೂ ತಕ್ಕರಿದ್ದಾರೆ. ದೇವಾಲಯದ ಒಡವೆವಸ್ತುಗಳನ್ನು ಕಾಯುವವನು ಭಂಡಾರ ತಕ್ಕ. ಕನ್ನಡದ ಕಿವಿಗೆ ತಕ್ಕ ಎಂದರೆ ಯೋಗ್ಯ ಎಂಬ ಅರ್ಥ ಕೇಳಿಸುತ್ತದೆ. ಹುದ್ದೆ ತಂದೆಯಿಂದ ಮಗನಿಗೆ ಇಳಿದು ಬರಬಹುದು. ಹೆಸರು ಕೇಳುವ ಯೋಗ್ಯತೆಯನ್ನು ಮಾತ್ರ ಅವನವನೇ ಗಳಿಸಿಕೊಳ್ಳಬೇಕು.

ನಾನು ಹೇಳುತ್ತಿರುವ ಹಿರಿಯರು ನನ್ನ ವಿದ್ಯಾರ್ಥಿಯೊಬ್ಬನ ತಂದೆ. ಅವರ ದೊಡ್ಡಪ್ಪನವರು ತುಂಬು ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಒಕ್ಕದ ಹಿರಿತನ ಅವರ ಹೆಗಲಿಗೆ ಬಂತು. ಊರಿನ ಸಣ್ಣದೊಂದು ಗುಡಿಯ ಭಂಡಾರದ ಬೀಗದ ಕೈಯೂ ಅದರ ಜೊತೆಗೇ ಬಂತು. ದೈವಭಕ್ತರು. ಬೆಳಗ್ಗೆ ಸ್ನಾನ ಮಾಡಿ ದೀಪಕ್ಕೆ ಕೈಮುಗಿಯದೆ ಕಾಫಿಯ ಲೋಟವನ್ನು ಮುಟ್ಟುವವರಲ್ಲ. ಗುಡಿಯ ಲೆಕ್ಕವನ್ನು ಪೈಸೆ ಪೈಸೆಗೂ ತಾಳೆ ನೋಡಿ, ತಮ್ಮ ಕೈಯಿಂದಲೇ ನಾಲ್ಕು ಕಾಸು ಹೆಚ್ಚು ಸೇರಿಸಿ ಬರೆಯುವ ಸ್ವಭಾವದವರು.

ದೊಡ್ಡಪ್ಪನವರ ಪೆಟ್ಟಿಗೆಯಲ್ಲಿ ಎರಡು ಪುಸ್ತಕಗಳಿದ್ದವು. ಒಂದು ಗುಡಿಯದು, ಮತ್ತೊಂದು ತೋಟದ್ದು. ಗುಡಿಯ ಪುಸ್ತಕ ಕನ್ನಡಿಯಂತಿತ್ತು. ತೋಟದ ಪುಸ್ತಕದ ಕೊನೆಯಲ್ಲಿ ‘ಮುಂಗಡ’ ಎಂಬ ತಲೆಬರಹದ ಕೆಲವು ಹಾಳೆಗಳಿದ್ದವು. ಏಳು ಹೆಸರುಗಳು. ಪ್ರತಿವರ್ಷವೂ ಬಾಕಿಯನ್ನು ಕೂಡಿ ಮುಂದಿನ ಹಾಳೆಗೆ ಒಯ್ಯಲಾಗಿತ್ತು. ಆ ಏಳರಲ್ಲಿ ಒಂದು ಹೆಸರು, ತೀರಿಕೊಂಡು ಎಷ್ಟೋ ವರ್ಷಗಳಾದ ಎರವರ ಆಳೊಬ್ಬನದು. ಅವನ ಮಗ ಅದೇ ತೋಟದ ಲೈನು ಮನೆಯಲ್ಲಿದ್ದ. ವಾರದ ಕೂಲಿಯಲ್ಲಿ ಒಂದಿಷ್ಟನ್ನು ತಂದೆಯ ಬಾಕಿಗೆಂದು ಮುರಿದುಕೊಳ್ಳುತ್ತಿದ್ದರು. ಸತ್ತವನ ಹೆಸರು ಮಾತ್ರ ಪುಸ್ತಕದಲ್ಲಿ ಬದುಕಿಯೇ ಇತ್ತು.

“ಮೇಷ್ಟ್ರೆ, ನಾನು ಯಾರನ್ನೂ ಕಟ್ಟಿಹಾಕಿಲ್ಲ. ದೊಡ್ಡಪ್ಪ ಬರೆದಿಟ್ಟದ್ದು, ನಡೆದುಕೊಂಡು ಬರುತ್ತಿದೆ, ಅಷ್ಟೆ” ಎಂದು ಅವರು ಒಮ್ಮೆ ನನಗೆ ಹೇಳಿದ್ದರು. ನಾನೂ ತಲೆದೂಗಿದೆ. ಪರರ ಮನೆಯ ಲೆಕ್ಕದಲ್ಲಿ ಬಾಯಿಹಾಕುವುದು ಸಭ್ಯತೆಯಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕುಂಡೆ ಹಬ್ಬ

ತಿತಿಮತಿಗೆ ಸಮೀಪದಲ್ಲಿ ದೇವರಪುರವೆಂಬ ಊರಿದೆ. ಅಲ್ಲಿ ಅಯ್ಯಪ್ಪನೂ ಭದ್ರಕಾಳಿಯೂ ನೆಲೆಸಿರುವ ದೇವಾಲಯವುಂಟು. ಮೇ ತಿಂಗಳ ಉತ್ತರಾರ್ಧದ ಒಂದು ಗುರುವಾರ, ಮುಂಗಾರಿಗೆ ಮೊದಲು, ಅಲ್ಲಿ ನಡೆಯುವ ಹಬ್ಬಕ್ಕೆ ಸಮನಾದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಜನ ಅದನ್ನು ಕುಂಡೆ ಹಬ್ಬವೆನ್ನುತ್ತಾರೆ. ಹೆಸರನ್ನು ಕೇಳಿಯೇ ಸಭ್ಯರು ಮುಖ ತಿರುಗಿಸುವುದುಂಟು. ಹಬ್ಬದ ಉದ್ದೇಶವೂ ಅದೇ.

ಹಬ್ಬಕ್ಕೆ ಕೆಲವು ದಿನ ಮುಂಚಿನಿಂದಲೇ ಜೇನುಕುರುಬರು, ಎರವರು ಮೊದಲಾದ ಕಾಡಿನ ಮಕ್ಕಳು ಗುಂಪುಗುಂಪಾಗಿ ಹೊರಡುತ್ತಾರೆ. ಗಂಡಸರು ಹೆಂಗಸರ ಉಡುಪು ತೊಡುತ್ತಾರೆ. ಮುಖಕ್ಕೆ ಬಣ್ಣ, ತಲೆಗೆ ಕೃತಕ ಕೂದಲು, ಕೈಯಲ್ಲಿ ಒಣಗಿದ ಸೋರೆಬುರುಡೆಯೋ ಹಳೆಯ ಡಬ್ಬವೋ. ಅದನ್ನು ಬಡಿಯುತ್ತ, ಕುಣಿಯುತ್ತ, ಗೋಣಿಕೊಪ್ಪಲಿನ ಬೀದಿಗಳಲ್ಲಿಯೂ ತೋಟದ ಮನೆಗಳ ಗೇಟುಗಳಲ್ಲಿಯೂ ನಿಂತು ಎದುರಿಗೆ ಸಿಕ್ಕವರನ್ನೆಲ್ಲ ಬೈಯುತ್ತಾರೆ. ಬಡವನೆಂದಿಲ್ಲ, ಧಣಿಯೆಂದಿಲ್ಲ, ಅಧಿಕಾರಿಯೆಂದಿಲ್ಲ. ಬೈಸಿಕೊಂಡವನು ಸಿಟ್ಟಾಗದೆ ಕಾಸು ಕೊಡಬೇಕು. ಹಬ್ಬದ ದಿನ ಎಲ್ಲರೂ ದೇವರಪುರದಲ್ಲಿ ಸೇರುತ್ತಾರೆ. ಅಲ್ಲಿ ದೇವರಿಗೇ ಬೈಗುಳ. ಕುಣಿತ ಮುಗಿದ ಮೇಲೆ ಹರಕೆ ಒಪ್ಪಿಸಿ, ತಪ್ಪಾಯಿತೆಂದು ಕೈಮುಗಿದು, ಕಾಡಿನ ಕಡೆಗೆ ಹಿಂದಿರುಗುತ್ತಾರೆ.

ದೇವರಿಗೇಕೆ ಬೈಗುಳ? ಐತಿಹ್ಯ ಸರಳವಾಗಿದೆ. ಅಯ್ಯಪ್ಪ ಈ ಜನರನ್ನು ಜೊತೆಗೆ ಕರೆದುಕೊಂಡು ಬೇಟೆಗೆ ಹೊರಟನಂತೆ. ದಾರಿಯಲ್ಲಿ ಭದ್ರಕಾಳಿ ಕಾಣಿಸಿದಳು. ಅವಳ ಚೆಲುವಿಗೆ ಮನಸೋತ ಅಯ್ಯಪ್ಪ, ನಂಬಿ ಬಂದವರನ್ನು ನಟ್ಟಡವಿಯಲ್ಲಿ ಕೈಬಿಟ್ಟು ಅವಳೊಡನೆ ನಡೆದುಬಿಟ್ಟನು. ನಂಬಿಸಿ ಕರೆತಂದ ನಾಯಕ ನಡುದಾರಿಯಲ್ಲಿ ಬಿಟ್ಟುಹೋದನೆಂಬುದೇ ಅವರ ದೂರು. ಅದನ್ನು ಅವರು ಮರೆತಿಲ್ಲ. ವರ್ಷಕ್ಕೊಮ್ಮೆ ಅವನ ಮನೆಬಾಗಿಲಿಗೇ ಬಂದು ಹೇಳುತ್ತಾರೆ. ಆ ದೇವರ ದೊಡ್ಡತನವನ್ನೂ ನೋಡಿ: ಅವನು ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ಬೈದವರ ಹರಕೆಯನ್ನೇ ಸ್ವೀಕರಿಸುತ್ತಾನೆ.

ಆ ವರ್ಷ ಒಂದು ಗುಂಪು ನಮ್ಮ ಹಿರಿಯರ ಗೇಟಿಗೂ ಬಂತು. ಮನೆಯವರೆಲ್ಲ ನಗುತ್ತ ಹೊರಗೆ ಬಂದರು. ಮಾಮೂಲು ಬೈಗುಳಗಳಾದವು, ಕಾಸು ಕೊಟ್ಟದ್ದಾಯಿತು. ಗುಂಪು ತಿರುಗುವಷ್ಟರಲ್ಲಿ, ಹರಕು ಸೀರೆಯುಟ್ಟ ಒಬ್ಬ ಬುರುಡೆಯನ್ನು ಬಡಿಯುವುದನ್ನು ನಿಲ್ಲಿಸಿ ಗಟ್ಟಿಯಾಗಿ ಕೂಗಿದನಂತೆ: “ಸತ್ತ ಅಪ್ಪನ ಕೈಯಲ್ಲೂ ಗೇಯಿಸುವ ಮನೆ ಕಣ್ರೋ ಇದು!”

ಯಾರೂ ನಗಲಿಲ್ಲ.

ಮರುದಿನ ಹಿರಿಯರು ನನ್ನಲ್ಲಿಗೆ ಬಂದರು. ಮುಖ ಕಪ್ಪಿಟ್ಟಿತ್ತು. “ಹಬ್ಬದ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದೆ. ಅವರಿಗೆ ಹಿತವಾಗಲೆಂದು ಹೇಳಿದ ಮಾತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ನನಗಿಂತ ನೇರವಾಗಿದ್ದರು. “ದೇವರಿಗೆ ಬೈದಾಗ ನಾವೆಲ್ಲ ನಗುತ್ತೇವೆ, ಮೇಷ್ಟ್ರೆ. ನನಗೆ ಬೈದಾಗ ನಗು ಬರಲಿಲ್ಲ. ಸುಳ್ಳಾಗಿದ್ದರೆ ಬರುತ್ತಿತ್ತು” ಎಂದರು.

ಕೇಳದ ಅರಸರು

ಹಿರಿಯನಾದವನ ಕಿವಿಗೆ ನಿಜ ತಲುಪುವುದು ಎಷ್ಟು ಕಷ್ಟವೆಂಬುದನ್ನು ಕೊಡಗಿನ ಇತಿಹಾಸವೇ ಸಾರುತ್ತದೆ. ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು ಕಾಣದ ಪ್ರವಾಸಿಗಳಿಲ್ಲ. 1820ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದ್ದು. ರಾಜಕೀಯದ ಕಾರಣಕ್ಕಾಗಿ ಅರಸನು ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದನೆಂದೂ, ಸತ್ತವನು ಬ್ರಹ್ಮರಾಕ್ಷಸನಾಗಿ ಕಾಡಿದನೆಂದೂ, ಪರಿಹಾರಕ್ಕಾಗಿ ಕಾಶಿಯಿಂದ ಲಿಂಗವನ್ನು ತರಿಸಿ ಪ್ರತಿಷ್ಠಿಸಿದನೆಂದೂ ಐತಿಹ್ಯ ಹೇಳುತ್ತದೆ. ಆ ಅರಸನು ತೀರಿಕೊಂಡದ್ದೂ 1820ರಲ್ಲಿಯೇ. ಐತಿಹ್ಯ ಎಷ್ಟು ನಿಜವೋ ಬಿಡಲಿ. ಅದನ್ನು ಹೇಳಿಕೊಂಡು ಬಂದ ಜನರ ಅಭಿಪ್ರಾಯ ಸ್ಪಷ್ಟವಾಗಿದೆ. ಬದುಕಿದ್ದವನ ಮಾತನ್ನು ಕೇಳಿದ್ದರೆ ಒಂದು ಗಳಿಗೆ ಸಾಕಾಗಿತ್ತು. ಸತ್ತವನನ್ನು ಸಮಾಧಾನ ಮಾಡಲು ಒಂದು ದೇವಾಲಯವೇ ಬೇಕಾಯಿತು.

ಅವನ ಮಗ ಚಿಕ್ಕವೀರರಾಜೇಂದ್ರನ ಕಥೆ ಕನ್ನಡಿಗರಿಗೆ ಮಾಸ್ತಿಯವರ ಕಾದಂಬರಿಯಿಂದ ಚಿರಪರಿಚಿತ. ಪ್ರಜೆಗಳ ದೂರು ಅರಮನೆಯ ಬಾಗಿಲನ್ನು ದಾಟದಂತಾಯಿತು. 1834ರಲ್ಲಿ ಇಂಗ್ಲಿಷರು ರಾಜ್ಯವನ್ನು ವಶಪಡಿಸಿಕೊಂಡರು. ಕಾಶಿಯಲ್ಲಿ ಹಲವು ವರ್ಷ ಕಳೆದ ಅರಸನು 1852ರಲ್ಲಿ ಸಮುದ್ರ ದಾಟಿ, 1859ರಲ್ಲಿ ಲಂಡನ್ನಿನಲ್ಲಿ ಕಣ್ಣು ಮುಚ್ಚಿದನು. ಇಂಗ್ಲಿಷರ ಲೋಭವೂ ಇದಕ್ಕೆ ಕಾರಣವೆಂಬುದು ನಿಜ. ಆದರೆ ಕೇಳುವ ಕಿವಿ ಮುಚ್ಚಿದ ಮನೆಗೆ ಹೊರಗಿನವನು ಸುಲಭವಾಗಿ ನುಗ್ಗುತ್ತಾನೆ ಎಂಬುದೂ ಅಷ್ಟೇ ನಿಜ.

ಅರಸರಿಗೆ ಇಲ್ಲದ ಒಂದು ಉಪಾಯ ದೇವರಪುರದ ದೇವರಿಗೆ ಇದೆ. ವರ್ಷಕ್ಕೊಂದು ದಿನ ಕಟ್ಟಕಡೆಯ ಮನುಷ್ಯನೂ ಬಂದು, ವೇಷದ ಮರೆಯಲ್ಲಿ, ಶಿಕ್ಷೆಯ ಭಯವಿಲ್ಲದೆ ಮಾತಾಡಬಹುದು. ಇದಕ್ಕೆ ಒಂದು ಆಕ್ಷೇಪವುಂಟೆಂದು ಬಲ್ಲೆ. “ಒಂದು ದಿನ ಬೈಯಲು ಬಿಟ್ಟು ಉಳಿದ ದಿನಗಳಲ್ಲಿ ಬಾಯಿ ಮುಚ್ಚಿಸುವ ತಂತ್ರವಲ್ಲವೆ ಇದು?” ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ಬೈಗುಳ ಗಾಳಿಯಲ್ಲಿ ಹೋದರೆ ಅದು ತಮಾಷೆ. ಬೈಸಿಕೊಂಡವನ ಪುಸ್ತಕದ ಒಳಕ್ಕೆ ಹೋದರೆ ಮಾತ್ರ ಅದು ಹಬ್ಬ.

ಹುತ್ತರಿಯ ಸಂಜೆ

ಮಳೆಗಾಲ ಕಳೆಯಿತು. ನಾಟಿ ಮುಗಿದು, ಕೈಲ್‌ಪೊಳ್ದಿನಲ್ಲಿ ಕೋವಿ ಕತ್ತಿಗಳಿಗೆ ಪೂಜೆಯಾಯಿತು. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವಾಯಿತು. ಹಿರಿಯರು ಪುಸ್ತಕದ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ವೃಶ್ಚಿಕ ಮಾಸ ಬಂದಾಗ ಹುತ್ತರಿಯ ಊಟಕ್ಕೆ ಕರೆ ಬಂತು.

ಹುತ್ತರಿಯ ದಿನವನ್ನೂ ಗಳಿಗೆಯನ್ನೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಗೊತ್ತುಮಾಡುತ್ತಾರೆ. ಹುಣ್ಣಿಮೆಯ ಹೊತ್ತು, ರೋಹಿಣಿ ನಕ್ಷತ್ರ. ಮೊದಲ ಗಳಿಗೆ ದೇವರಿಗೆ, ಆಮೇಲಿನದು ನಾಡಿಗೆ. ತಿತಿಮತಿಯ ಸುತ್ತಿನಲ್ಲಿ ಈಗ ಗದ್ದೆಗಳು ಕಡಿಮೆಯಾಗಿವೆ. ಆನೆಯ ಕಾಟ, ಆಳಿನ ಅಭಾವ, ಕೈಗೆ ಹತ್ತದ ಬೆಲೆ ಎಂದು ಹಲವರು ಪಾಳು ಬಿಟ್ಟಿದ್ದಾರೆ. ನಮ್ಮ ಹಿರಿಯರು ಮಾತ್ರ ಹುತ್ತರಿಗೆಂದೇ ಒಂದು ಸಣ್ಣ ತಾಕನ್ನು ಉಳಿಸಿಕೊಂಡಿದ್ದಾರೆ. ಕದಿರನ್ನು ಕೊಂಡು ತರುವುದಕ್ಕೆ ಅವರ ಮನಸ್ಸು ಒಪ್ಪದು.

ಕತ್ತಲಾಗುವ ಹೊತ್ತಿಗೆ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರಿದರು. ಬೆಂಗಳೂರಿನಿಂದ ಬಂದ ಮಕ್ಕಳು, ಸೇನೆಯಿಂದ ನಿವೃತ್ತರಾದ ತಮ್ಮಂದಿರು, ಮೊಮ್ಮಕ್ಕಳು. ಕಿರಿಯರು ಹಿರಿಯರ ಕಾಲನ್ನು ಮೂರು ಸಲ ಮುಟ್ಟಿ ನಮಸ್ಕರಿಸಿದರು. ನಡುಬಾಡೆಯ ದೀಪದ ಮುಂದೆ ಚಾಪೆ ಹಾಸಿ, ಅಶ್ವತ್ಥ, ಮಾವು ಮುಂತಾದ ಎಲೆಗಳನ್ನು ಜೋಡಿಸಿ ನೆರೆ ಕಟ್ಟುವ ಸಿದ್ಧತೆ ನಡೆದಿತ್ತು. ಆಗ ಹಿರಿಯರು ಒಳಗಿನಿಂದ ಆ ತೋಟದ ಪುಸ್ತಕವನ್ನು ತಂದು ದೀಪದ ಪಕ್ಕದಲ್ಲಿಟ್ಟರು. ಲೈನು ಮನೆಯಿಂದ ಆ ಎರವರ ಯುವಕನನ್ನು ಕರೆಸಿದ್ದರು. ಅವನು ಬಾಗಿಲ ಬಳಿ ನಿಂತಿದ್ದ.

“ಈ ಪುಸ್ತಕದಲ್ಲಿ ಇವನ ಅಪ್ಪನ ಹೆಸರಿದೆ. ಸತ್ತವನಿಂದ ಇಷ್ಟು ವರ್ಷ ವಸೂಲು ಮಾಡಿದ್ದೇವೆ. ತಪ್ಪು ನಮ್ಮ ಮನೆಯದು. ಇಂದಿಗೆ ಮುಗಿಯಿತು. ಅಪ್ಪ ಹೋದಂದಿನಿಂದ ಇವನ ಕೂಲಿಯಲ್ಲಿ ಮುರಿದದ್ದನ್ನು ಲೆಕ್ಕಹಾಕಿದ್ದೇನೆ, ಹಿಂದಕ್ಕೆ ಕೊಡುತ್ತೇನೆ” ಎಂದರು.

ತಮ್ಮನೊಬ್ಬರು ತಗ್ಗಿದ ದನಿಯಲ್ಲಿ, “ಅಣ್ಣಾ, ಉಳಿದ ಆರು ಜನವೂ ನಾಳೆ ಬಂದು ಕೇಳುತ್ತಾರಲ್ಲ?” ಎಂದರು.

“ಕೇಳಲಿ. ಪುಸ್ತಕ ಇಲ್ಲೇ ಇದೆ” ಎಂದರು ಹಿರಿಯರು.

ಎಲ್ಲರೂ ಯುವಕನ ಕಡೆಗೆ ನೋಡಿದರು. ಅವನು ಕಣ್ಣೀರು ಹಾಕುವನೆಂದೋ ಕಾಲಿಗೆ ಬೀಳುವನೆಂದೋ ನಾನು ನಿರೀಕ್ಷಿಸಿದ್ದೆನೇನೋ. ನನ್ನ ಓದಿನ ಕಥೆಗಳಲ್ಲಿ ಹಾಗೆಯೇ ಆಗುತ್ತದೆ. ಅವನು ಹಾಗೇನೂ ಮಾಡಲಿಲ್ಲ. “ಅಯ್ಯಾ, ಬಾಯಿಮಾತು ಬೇಡ. ಆ ಹಾಳೆ ಹರಿದು ಕೊಡಿ” ಎಂದ.

ಹಿರಿಯರು ಒಂದು ಕ್ಷಣ ತಡೆದರು. ಆಮೇಲೆ ಹಾಳೆಯನ್ನು ಹರಿದು ಅವನ ಕೈಗೆ ಕೊಟ್ಟರು. ಅವನು ಅದನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಹಣವನ್ನು ಎಣಿಸಿಕೊಂಡು, ಹೊರಟುಹೋದ.

ಆ ಬಳಿಕ ಗದ್ದೆಗೆ ಹೋದೆವು. ಬೆಳುದಿಂಗಳು ಹಾಲಿನಂತೆ ಸುರಿಯುತ್ತಿತ್ತು. ಕೋವಿಯ ಗುಂಡು ಆಕಾಶಕ್ಕೆ ಹಾರಿತು. ಕುಡುಗೋಲು ಕದಿರಿಗೆ ತಾಗುತ್ತಲೇ “ಪೊಲಿ ಪೊಲಿ ದೇವಾ!” ಎಂಬ ಕೂಗೆದ್ದಿತು. ಹೆಚ್ಚಲಿ, ದೇವಾ, ಹೆಚ್ಚಲಿ ಎಂದು ಅದರ ಭಾವ. ಕದಿರನ್ನು ಮನೆಗೆ ತಂದು ದೀಪದ ಬಳಿ ಇಟ್ಟು, ನೆರೆಯೊಡನೆ ಕಂಬಕ್ಕೆ ಕಟ್ಟಿದರು. ತಂಬಿಟ್ಟು, ಹುತ್ತರಿ ಗೆಣಸು, ಹೊಸಕ್ಕಿಯ ಪಾಯಸ ಎಲೆಗೆ ಬಂದವು. ಊಟದ ನಡುವೆ ಹಿರಿಯರು ನನ್ನ ಕಡೆ ಬಾಗಿ ಹೇಳಿದರು: “ಕಳೆದ ವರ್ಷವೂ ಪೊಲಿ ಪೊಲಿ ಎಂದು ಕೂಗಿದ್ದೆ. ಏನು ಹೆಚ್ಚಲಿ ಎಂದು ಕೂಗಿದೆನೋ ಗೊತ್ತಿಲ್ಲ. ಆ ಬಾಕಿಯೂ ಹೆಚ್ಚುತ್ತಲೇ ಇತ್ತಲ್ಲ!”

ಔದಾರ್ಯವಲ್ಲ, ಋಣ

ವಾಚಕರು ಇದನ್ನು ಔದಾರ್ಯದ ಕಥೆಯೆಂದು ತಿಳಿಯಬಾರದು. ಹಿರಿಯರೂ ಹಾಗೆ ತಿಳಿದಿಲ್ಲ. ನಮ್ಮ ಸಂವಿಧಾನದ 23ನೆಯ ವಿಧಿ ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆ ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ: ಮುಂಗಡದ ಋಣಕ್ಕಾಗಿ ದುಡಿಯುವುದು ಮಾತ್ರವಲ್ಲ, ತಂದೆಯ ಋಣಕ್ಕಾಗಿ ಮಗ ದುಡಿಯಬೇಕಾಗಿ ಬರುವುದೂ ಜೀತವೇ, ಅಂಥ ಋಣವನ್ನು ತೀರಿಸುವ ಹೊಣೆ ಕಾಯಿದೆ ಜಾರಿಗೆ ಬಂದೊಡನೆಯೇ ಅಳಿದುಹೋಗಿದೆ. ಅಂದರೆ ಆ ಹಾಳೆಗೆ ಕಾಯಿದೆಯ ಕಣ್ಣಿನಲ್ಲಿ ಎಂದೋ ಬೆಲೆಯಿರಲಿಲ್ಲ. ದೇಶವು ಹೊಡೆದುಹಾಕಿದ ಲೆಕ್ಕ ಒಂದು ಸಭ್ಯ, ದೈವಭಕ್ತ ಮನೆಯ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಬೆಳೆಯುತ್ತಿತ್ತು. ದುಷ್ಟರ ಮನೆಯಲ್ಲಿ ಇದು ನಡೆದಿದ್ದರೆ ನಾನು ಬರೆಯುತ್ತಿರಲಿಲ್ಲ. ಸಜ್ಜನರ ಮನೆಯಲ್ಲಿ ನಡೆಯಿತೆಂದೇ ಬರೆಯುತ್ತಿದ್ದೇನೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹುತ್ತರಿ ಕಳೆದ ಮರುವಾರವೇ ಆ ಯುವಕ ಹೆಂಡತಿ ಮಕ್ಕಳೊಡನೆ ಬೇರೊಂದು ತೋಟಕ್ಕೆ ಹೊರಟುಹೋದ. ಕಾಫಿ ಕೊಯ್ಲಿನ ಕಾಲ. ಒಂದೊಂದು ಕೈಗೂ ಬರಗಾಲ. ಹಿರಿಯರಿಗೆ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಎರಡು ದಿನ ಮಾತಿಲ್ಲದೆ ಇದ್ದರು. ಮೂರನೆಯ ದಿನ ತಾವಾಗಿಯೇ, “ಹೋಗುವ ಹಾಗಾದ ನೋಡಿ, ಮೇಷ್ಟ್ರೆ. ಅದೇ ತಾನೆ ಆಗಬೇಕಾಗಿದ್ದದ್ದು!” ಎಂದರು.

ವರ್ಷದ ಕೊನೆಯಲ್ಲಿ ಮನುಷ್ಯರ ಲೆಕ್ಕವನ್ನು ದೇವರ ಮುಂದೆ ತೆರೆಯುವ ಈ ಪದ್ಧತಿ ಲೋಕದಲ್ಲಿ ಒಂದೆಡೆಯದಲ್ಲ. ನಮ್ಮ ನಾಡಿನ ದಿಗಂಬರ ಜೈನರು ದಶಲಕ್ಷಣ ಪರ್ವದ ಬಳಿಕ ಕ್ಷಮಾವಾಣಿಯನ್ನು ಆಚರಿಸುತ್ತಾರೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಆದ ನೋವಿಗೆ ಪರಸ್ಪರ ಕ್ಷಮೆ ಬೇಡುತ್ತಾರೆ. ಹಿರಿಯನು ಕಿರಿಯನಲ್ಲಿ ಬೇಡುವುದಕ್ಕೂ ಅಲ್ಲಿ ಸಂಕೋಚವಿಲ್ಲ. ಯೆಹೂದ್ಯರಿಗೆ ಹೊಸ ವರ್ಷದ ಮೊದಲಲ್ಲಿ ಪ್ರಾಯಶ್ಚಿತ್ತದ ದಿನವೊಂದುಂಟು. ದೇವರಿಗೆ ಮಾಡಿದ ತಪ್ಪಿಗೆ ಆ ದಿನದ ಪ್ರಾಯಶ್ಚಿತ್ತ ಸಾಕು, ಮನುಷ್ಯನಿಗೆ ಮಾಡಿದ ತಪ್ಪಿಗೆ ಆ ಮನುಷ್ಯನನ್ನೇ ಕಂಡು ಸಮಾಧಾನಪಡಿಸಬೇಕೆಂಬುದು ಅವರ ಶಾಸ್ತ್ರ. ಏಳನೆಯ ವರ್ಷ ಸಾಲವನ್ನು ಬಿಟ್ಟುಬಿಡಬೇಕೆಂಬ ವಿಧಿಯೂ ಅವರ ಹಳೆಯ ಗ್ರಂಥದಲ್ಲಿದೆ. ಮುಸಲ್ಮಾನನು ತನ್ನ ಬಳಿ ಒಂದು ವರ್ಷ ನಿಂತ ಧನದಲ್ಲಿ ನೂರಕ್ಕೆ ಎರಡೂವರೆಯಂತೆ ಝಕಾತನ್ನು ತೆಗೆದಿಡಬೇಕು. ಅದು ದಾನವಲ್ಲ, ಬಡವನ ಪಾಲು. ಎಲ್ಲ ಕಡೆಯೂ ನಂಬಿಕೆ ಒಂದೇ ಮಾತನ್ನು ಹೇಳುತ್ತಿದೆ: ದೇವರ ಬಾಗಿಲಿಗೆ ಹೋಗುವ ದಾರಿ ನೆರೆಯವನ ಅಂಗಳದ ಮೂಲಕ ಹಾದುಹೋಗುತ್ತದೆ.

ಕೊನೆಯ ಪುಟವನ್ನು ಹೇಗೆ ಕಟ್ಟಬೇಕು?

ಎಲ್ಲರೂ ಒಕ್ಕದ ಕೊರವುಕಾರರಲ್ಲ. ದೇವಾಲಯದ ತಕ್ಕರೂ ಅಲ್ಲ. ಆದರೆ ಒಂದು ಶಾಲೆಗೆ, ಒಂದು ಸಂಘಕ್ಕೆ, ಒಂದು ಭಜನಮಂಡಲಿಗೆ, ಕೊನೆಗೆ ಒಂದು ಸಂಸಾರಕ್ಕಾದರೂ ನಮ್ಮಲ್ಲಿ ಹಲವರು ಹಿರಿಯರೇ. ಆ ಸಂಜೆಯಿಂದ ನಾನು ಕಲಿತುದನ್ನು ಅಂಥವರ ಮುಂದಿಡುತ್ತೇನೆ.

ವರ್ಷದ ಕೊನೆಯಲ್ಲಿ ಗುಡಿಯ ಪುಸ್ತಕಕ್ಕಿಂತ ಮೊದಲು ತೋಟದ ಪುಸ್ತಕವನ್ನು ತೆರೆಯಬೇಕು. ದೇವರ ಲೆಕ್ಕದಲ್ಲಿ ಪೈಸೆಯ ತಪ್ಪಿಲ್ಲದವನು ಆಳಿನ ಲೆಕ್ಕದಲ್ಲಿ ಕುರುಡನಾಗಿರುವುದು ಸಾಧ್ಯ. ಒಂದರ ಶುದ್ಧಿ ಮತ್ತೊಂದನ್ನು ಮುಚ್ಚಿಬಿಡುತ್ತದೆ; ಇದೇ ಭಕ್ತನಿಗೆ ಇರುವ ದೊಡ್ಡ ಅಪಾಯ. ಅದರಲ್ಲಿಯೂ ಹಿಂದಿನವರಿಂದ ಬಂದು, ‘ನಡೆದುಕೊಂಡು ಬರುತ್ತಿದೆ’ ಎಂಬ ಮಾತಿನ ನೆರಳಲ್ಲಿ ಕುಳಿತಿರುವ ಬಾಕಿಗಳನ್ನು ಹುಡುಕಬೇಕು. ನಾವು ಮಾಡದ ತಪ್ಪನ್ನು ಮುಂದುವರಿಸುವುದೂ ನಾವು ಮಾಡುವ ತಪ್ಪೇ.

ಎರಡನೆಯದಾಗಿ, ನಮಗೆ ಬೈಯಲಾರದವನ ಮಾತು ನಮ್ಮ ಕಿವಿಗೆ ಬೀಳುವ ಹಾಗೆ ಒಂದು ದಾರಿಯನ್ನು ಮಾಡಿಕೊಡಬೇಕು. ‘ಏನಾದರೂ ಕಷ್ಟವಿದ್ದರೆ ಹೇಳಿ’ ಎಂದು ಕುರ್ಚಿಯಲ್ಲಿ ಕುಳಿತು ಕೇಳಿದರೆ ಯಾರೂ ಹೇಳರು. ಅವನಿಗೆ ವೇಷ ಬೇಕು, ಬುರುಡೆ ಬೇಕು, ಗುಂಪು ಬೇಕು. ನಾನೇ ಕಾಲೇಜಿನಲ್ಲಿ ವರ್ಷದ ಕೊನೆಗೆ ವಿದ್ಯಾರ್ಥಿಗಳಿಂದ ಹೆಸರಿಲ್ಲದ ಚೀಟಿಗಳನ್ನು ಬರೆಸಿಕೊಳ್ಳತೊಡಗಿದ್ದೇನೆ. ಮೊದಲ ವರ್ಷದ ಚೀಟಿಗಳಲ್ಲಿ ಒಂದು ಹೇಳಿತು: ‘ಸರ್, ನೀವು ಮುಂದಿನ ಎರಡು ಬೆಂಚುಗಳಿಗೆ ಮಾತ್ರ ಪಾಠ ಮಾಡುತ್ತೀರಿ.’ ಹಿಂದಿನ ಬೆಂಚುಗಳಲ್ಲಿ ಕೂರುತ್ತಿದ್ದವರು ಹೆಚ್ಚಾಗಿ ಹಾಡಿಗಳಿಂದಲೂ ಲೈನು ಮನೆಗಳಿಂದಲೂ ಬಂದ ಮಕ್ಕಳು. ಓದಿ ನನಗೂ ನಗು ಬರಲಿಲ್ಲ.

ಮೂರನೆಯದಾಗಿ, ತಪ್ಪನ್ನು ಒಪ್ಪಿಕೊಳ್ಳುವುದು ಅದು ನಡೆದ ಮನೆಯಲ್ಲಿಯೇ, ಅದನ್ನು ಕಂಡವರ ಮುಂದೆಯೇ ಆಗಬೇಕು. ದೇವರ ಮುಂದೆ ಗುಟ್ಟಾಗಿ ಒಪ್ಪಿಕೊಂಡು ಮನುಷ್ಯರ ಮುಂದೆ ಬೀಗುವವನ ವರ್ಷ ಮುಗಿಯುವುದೇ ಇಲ್ಲ. ಒಪ್ಪಿಗೆಯ ಜೊತೆಗೆ ಹಾಳೆಯನ್ನೂ ಹರಿದು ಕೊಡಬೇಕು. ಪ್ರತಿಯಾಗಿ ಕೃತಜ್ಞತೆಯನ್ನು ಬಯಸಬಾರದು. ಸಲ್ಲಬೇಕಾದುದು ಸಂದಾಗ ಯಾರೂ ಋಣಿಯಾಗುವುದಿಲ್ಲ.

ಇಷ್ಟಾದ ಮೇಲೆ ಕೃತಜ್ಞತೆ ಹೇಳುವ ಸರದಿ ನಮ್ಮದು. ಮಳೆಗೆ, ಮಣ್ಣಿಗೆ, ಆನೆ ತುಳಿಯದೆ ಬಿಟ್ಟ ನಾಲ್ಕು ಕದಿರಿಗೆ. ಹುತ್ತರಿಯ ಕೂಗಿಗೆ ಆಗ ಅರ್ಥ ಬರುತ್ತದೆ.

ಆ ಹುತ್ತರಿಯಿಂದ ಎಡಮ್ಯಾರ್ ಒಂದರವರೆಗೆ ಉಳಿದ ಆರು ಹೆಸರುಗಳಲ್ಲಿ ನಾಲ್ಕರ ಲೆಕ್ಕ ತೀರಿತು. ಇಬ್ಬರು ಎಲ್ಲಿದ್ದಾರೆಂಬುದು ತಿಳಿಯದು. ಹಿರಿಯರು ವಿಚಾರಿಸುತ್ತಲೇ ಇದ್ದಾರೆ. ಲೆಕ್ಕ ಇನ್ನೂ ಪೂರ್ತಿಯಾಗಿ ಮುಗಿದಿಲ್ಲವೆಂಬುದನ್ನ ಅವರೇ ಎಲ್ಲರಿಗೂ ಹೇಳುತ್ತಾರೆ. ಮೇ ತಿಂಗಳು ಹತ್ತಿರವಾಗುತ್ತಿದೆ. ಸೋರೆಬುರುಡೆಗಳ ಸದ್ದು ಮತ್ತೆ ಕೇಳಿಬರಲಿದೆ. ಈ ಸಲ ಏನು ಬೈಗುಳ ಕಾದಿದೆಯೋ ಎಂದು ನಾನು ತಮಾಷೆಯಾಗಿ ಕೇಳಿದೆ.

“ಏನಾದರೂ ಇರಲಿ, ಮೇಷ್ಟ್ರೆ. ಗೇಟು ತೆಗೆದೇ ಇಟ್ಟಿರುತ್ತೇನೆ” ಎಂದರು.